ಬಾಳೆಹಣ್ಣು ಇದೆ ಅಂದುಕೊಂಡ ಕಡೆ ಸೊಪ್ಪು ಸಿಕ್ಕರೆ

1928ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಟಿಂಕಲ್‌ಪಾ ಒಂದು ಕೋತಿಗೆ ಸಣ್ಣದೊಂದು ಮೋಸ ಮಾಡಿದರು. ಅದು ನೋಡುತ್ತಿದ್ದ ಹಾಗೇ ಎರಡು ಬಟ್ಟಲುಗಳಲ್ಲಿ ಒಂದರ ಕೆಳಗೆ ಬಾಳೆಹಣ್ಣಿನ ಚೂರು ಇಟ್ಟರು. ಆಮೇಲೆ ಅದಕ್ಕೆ ಕಾಣದ ಹಾಗೆ ಹಣ್ಣು ತೆಗೆದು, ಅಲ್ಲಿ ಲೆಟ್ಯೂಸ್ ಸೊಪ್ಪು ಇಟ್ಟರು. ಕೋತಿ ಸೀದಾ ಬಂದು ಸರಿಯಾದ ಬಟ್ಟಲನ್ನೇ ಎತ್ತಿತು. ಕೈ ಚಾಚಿತು. ಸೊಪ್ಪು ಕಂಡದ್ದೇ ಕೈ ಹಿಂದೆ ತೆಗೆಯಿತು. ಬಟ್ಟಲ ಒಳಗೆ, ಸುತ್ತಮುತ್ತ ಎಲ್ಲಾ ಹುಡುಕಿತು. ಕೊನೆಗೆ ಅಲ್ಲಿದ್ದ ಜನರ ಕಡೆ ತಿರುಗಿ ಕಿರುಚಿತು. ಸೊಪ್ಪನ್ನು ಮುಟ್ಟಲೇ ಇಲ್ಲ.

ಮಾಮೂಲಾಗಿ ಕೊಟ್ಟರೆ ಈ ಸೊಪ್ಪನ್ನು ಕೋತಿಗಳು ತಿನ್ನುತ್ತವೆ. ಸೊಪ್ಪಿನಲ್ಲಿ ಏನೂ ತಪ್ಪಿರಲಿಲ್ಲ. ಅದು ಬಾಳೆಹಣ್ಣು ಆಗಿರಲಿಲ್ಲ, ಅಷ್ಟೇ.

ಆ ಕೋತಿಯ ತಲೆಯೊಳಗೆ ಏನಾಯಿತು ಅನ್ನುವುದರ ಸುಳಿವು ಸಿಗಲು ಇನ್ನೂ ಸುಮಾರು ಅರವತ್ತು ವರ್ಷ ಬೇಕಾಯಿತು. ಸ್ವಿಟ್ಜರ್ಲೆಂಡಿನ ಫ್ರಿಬೋರ್ಗ್‌ನಲ್ಲಿ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಹೊರಬಿಡುವ ಕೋಶಗಳನ್ನು ಒಂದೊಂದಾಗಿ ಆಲಿಸುತ್ತಿದ್ದರು. ಕೋತಿಯ ಬಾಯಿಗೆ ಹಠಾತ್ತಾಗಿ ಒಂದು ತೊಟ್ಟು ಹಣ್ಣಿನ ರಸ ಬಿದ್ದರೆ ಈ ಕೋಶಗಳು ಪಟಪಟ ಅಂತ ಮಿಡಿಯುತ್ತಿದ್ದವು. ರಸಕ್ಕೆ ಸ್ವಲ್ಪ ಮೊದಲು ಒಂದು ಸೂಚನೆ ಕೊಡುವುದನ್ನು ಅಭ್ಯಾಸ ಮಾಡಿಸಿದರು. ಕೆಲವೇ ದಿನಗಳಲ್ಲಿ ಕೋಶಗಳು ರಸಕ್ಕೆ ಮಿಡಿಯುವುದನ್ನು ಬಿಟ್ಟು ಸೂಚನೆಗೇ ಮಿಡಿಯತೊಡಗಿದವು. ರಸ ಬಂದಾಗ ಸುಮ್ನೆ ಇರುತ್ತಿದ್ದವು. ಬರುತ್ತೆ ಅಂತ ಗೊತ್ತಿತ್ತಲ್ಲ!

ಆಮೇಲಿನದು ನನಗೆ ತುಂಬ ಇಷ್ಟವಾದ ಭಾಗ. ಸೂಚನೆ ಕೊಟ್ಟು ರಸ ಕೊಡದೇ ಹೋದರೆ, ರಸ ಬರಬೇಕಾಗಿದ್ದ ಸರಿಯಾದ ಆ ಕ್ಷಣಕ್ಕೇ ಕೋಶಗಳ ಮಿಡಿತ ಮಾಮೂಲಿಗಿಂತ ಕೆಳಗೆ ಬಿತ್ತು. ಹೊರಗೆ ನೋಡಿದರೆ ಏನೂ ಆಗಿಲ್ಲ. ರಸ ಇಲ್ಲ, ಪೆಟ್ಟೂ ಇಲ್ಲ. ಆದರೂ ಆ 'ಏನೂ ಇಲ್ಲ'ವನ್ನು ಮಿದುಳು ಗಡಿಯಾರ ಹಿಡಿದು ದಾಖಲಿಸಿತು. 1997ರಲ್ಲಿ ಶುಲ್ಟ್ಸ್, ಪೀಟರ್ ದಯಾನ್ ಮತ್ತು ರೀಡ್ ಮೊಂಟಾಗ್ ಸೇರಿ ಇದಕ್ಕೆ ಒಂದು ಲೆಕ್ಕದ ರೂಪ ಕೊಟ್ಟರು: ಸಿಕ್ಕಿದ್ದರಲ್ಲಿ ಅಂದುಕೊಂಡದ್ದನ್ನು ಕಳೆ. ಉಳಿದದ್ದು ಹೆಚ್ಚಿದ್ದರೆ ಮಿಡಿತ ಏರುತ್ತದೆ, ಕಡಿಮೆ ಇದ್ದರೆ ಇಳಿಯುತ್ತದೆ. ಸಂಜೆ ಗಲ್ಲಾಪೆಟ್ಟಿಗೆ ಎಣಿಸಿ ನಾಳೆಗೆ ಎಷ್ಟು ಹಾಲು ತರಿಸಬೇಕು ಅಂತ ತೀರ್ಮಾನಿಸುವ ಅಂಗಡಿಯವನ ಹಾಗೆ, ಮಿದುಳು ಈ ವ್ಯತ್ಯಾಸ ಹಿಡಿದು ಮುಂದಿನ ಸಲದ ಅಂದಾಜನ್ನು ತಿದ್ದಿಕೊಳ್ಳುತ್ತದೆ. ನಿರಾಸೆಯ ಕೆಲಸ ಮೂಲತಃ ಇದು. ನಮ್ಮನ್ನು ನೋಯಿಸಲೆಂದು ಅದು ಹುಟ್ಟಿಲ್ಲ.

ಪಿಯುಸಿಯಲ್ಲಿ 88 ಬಂದ ಹುಡುಗಿ ಅಳುತ್ತಾ ಕೂತಿರುತ್ತಾಳೆ, 61 ಬಂದವನು ಬೀದಿಗೆಲ್ಲಾ ಸಿಹಿ ಹಂಚುತ್ತಾನೆ. ಇದು ಅಹಂಕಾರವೂ ಅಲ್ಲ, ದಡ್ಡತನವೂ ಅಲ್ಲ, ಇದೇ ಕಳೆಯುವ ಲೆಕ್ಕ. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ವಿಡಿಯೋಗಳನ್ನು ನೋಡಿ ಮುಖಭಾವ ಅಳೆದ ಸಂಶೋಧಕರಿಗೆ ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಖುಷಿಯಾಗಿ ಕಂಡಿದ್ದರು.

ಹಾಗಾದರೆ ಏನನ್ನೂ ನಿರೀಕ್ಷಿಸದೆ ಇದ್ದುಬಿಟ್ಟರೆ ಆಯಿತಲ್ಲ? ದಿನಾ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಸೂರ್ಯೋದಯದ ಚಿತ್ರದ ಮೇಲೆ ಬರುವ ಸಲಹೆ ಇದೇ. ಕೇಳಲು ಚೆನ್ನಾಗಿದೆ. ಆದರೆ ಮಿದುಳು ಅಂದಾಜು ಮಾಡುವುದನ್ನು ನಿಲ್ಲಿಸುವ ಗುಂಡಿ ಎಲ್ಲೂ ಇಲ್ಲ. ಮೆಟ್ಟಿಲು ಇಳಿಯುವಾಗಲೂ ಮುಂದಿನ ಮೆಟ್ಟಿಲು ಎಷ್ಟು ಕೆಳಗಿದೆ ಅಂತ ಅದು ಅಂದಾಜು ಮಾಡುತ್ತಲೇ ಇರುತ್ತದೆ. ಎರಡನೆಯದಾಗಿ, ಕಾಯುವುದರಲ್ಲೇ ಒಂದು ಸುಖ ಇದೆ. 2014ರಲ್ಲಿ ಲಂಡನ್ನಿನಲ್ಲಿ ರಾಬ್ ರಟ್ಲೆಜ್ ಮತ್ತು ಜೊತೆಗಾರರು ಜನರಿಗೆ ಹಣ ಪಣಕ್ಕಿಡುವ ಆಟ ಆಡಿಸಿ, ನಡುನಡುವೆ 'ಈಗ ಎಷ್ಟು ಖುಷಿಯಾಗಿದ್ದೀರಿ?' ಅಂತ ಕೇಳಿದರು. ಆಮೇಲೆ ಅದನ್ನೇ ಮೊಬೈಲ್ ಆ್ಯಪ್ ಮೂಲಕ 18,420 ಮಂದಿಯ ಮೇಲೆ ಪರೀಕ್ಷಿಸಿದರು. ಒಟ್ಟು ಎಷ್ಟು ಗೆದ್ದಿದ್ದಾರೆ ಅನ್ನುವುದಕ್ಕಿಂತ, ಅಂದುಕೊಂಡದ್ದಕ್ಕಿಂತ ಜಾಸ್ತಿ ಬಂತೇ ಅನ್ನುವುದೇ ಖುಷಿಯನ್ನು ನಿರ್ಧರಿಸುತ್ತಿತ್ತು. ಆದರೆ ಒಳ್ಳೆಯದರ ನಿರೀಕ್ಷೆ ಕೂಡ, ಫಲಿತಾಂಶ ಬರುವ ಮೊದಲೇ, ಖುಷಿಯನ್ನು ಏರಿಸುತ್ತಿತ್ತು. ನೆದರ್‌ಲೆಂಡ್ಸ್‌ನ ಒಂದು ಅಧ್ಯಯನದಲ್ಲೂ ಪ್ರವಾಸಕ್ಕೆ ಹೊರಟವರು ಹೊರಡುವ ಮೊದಲೇ ಉಳಿದವರಿಗಿಂತ ಖುಷಿಯಾಗಿದ್ದರು. ವಾಪಸ್ ಬಂದ ಮೇಲೆ ಬಹುತೇಕರಲ್ಲಿ ಅಂಥ ವ್ಯತ್ಯಾಸ ಉಳಿದಿರಲಿಲ್ಲ. ನಿರೀಕ್ಷೆ ಬಿಟ್ಟರೆ ನಿರಾಸೆ ಹೋಗಬಹುದು, ಜೊತೆಗೆ ಇದೂ ಹೋಗುತ್ತದೆ.

ಮನುಷ್ಯರ ನಡುವೆ ಈ ಲೆಕ್ಕ ಇನ್ನೂ ಜಟಿಲ. ಕೋತಿ ಬಾಳೆಹಣ್ಣು ಇಟ್ಟಿದ್ದನ್ನು ಕಣ್ಣಾರೆ ಕಂಡಿತ್ತು. ನಾವು ಇನ್ನೊಬ್ಬರ ಬಟ್ಟಲ ಕೆಳಗೆ ಬಾಳೆಹಣ್ಣು ಇದೆ ಅಂತ ನಾವೇ ಅಂದುಕೊಂಡಿರುತ್ತೇವೆ. ಆ ಪುಣ್ಯಾತ್ಮರಿಗೆ ಅದು ಗೊತ್ತೇ ಇರುವುದಿಲ್ಲ.

ರಾತ್ರಿ ಎಂಟು ಗಂಟೆ. ಇಬ್ಬರೂ ಕೆಲಸ ಮುಗಿಸಿ ಬಂದಿದ್ದಾರೆ. ಸಿಂಕಿನಲ್ಲಿ ಬೆಳಗಿನ ಪಾತ್ರೆ ಹಾಗೇ ಇದೆ.

"ಇವತ್ತು ತುಂಬ ಸುಸ್ತಾಗಿದೆ ರೀ."

"ಹೌದಾ? ಹಾಗಿದ್ರೆ ಬೇಗ ಮಲ್ಕೋ."

ಅವಳು ಹೇಳಿದ್ದು 'ಪಾತ್ರೆ ನೀವು ತೊಳೀರಿ' ಅಂತ. ಅವನಿಗೆ ಕೇಳಿಸಿದ್ದು ಆರೋಗ್ಯದ ವಿಚಾರ. ಅವನು ನಿಜವಾಗಿ ಕಾಳಜಿಯಿಂದಲೇ ಉತ್ತರ ಕೊಟ್ಟಿದ್ದಾನೆ. ಅವಳು ಎದ್ದು ಹೋಗಿ ಪಾತ್ರೆ ತೊಳೆಯುತ್ತಾಳೆ, ಸ್ವಲ್ಪ ಜಾಸ್ತಿಯೇ ಸದ್ದು ಮಾಡಿಕೊಂಡು. 'ಏನಾಯ್ತು?' ಅಂದರೆ 'ಏನಿಲ್ಲ' ಅನ್ನುತ್ತಾಳೆ.

ಕೆನೆತ್ ಸವಿಟ್ಸ್‌ಕಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ಮಾತುಗಳ ಬಗ್ಗೆಯೇ. ಎರಡು ಅರ್ಥ ಬರುವ ವಾಕ್ಯಗಳನ್ನು ಗಂಡ ಹೆಂಡತಿ ಒಬ್ಬರಿಗೊಬ್ಬರು ಹೇಳಬೇಕು, ಕೇಳಿದವರು ಅರ್ಥ ಊಹಿಸಬೇಕು. ಅಪರಿಚಿತರ ಜೊತೆಗೂ ಇದನ್ನೇ ಮಾಡಿಸಿದರು. ಅರ್ಥ ಮಾಡಿಕೊಳ್ಳುವುದರಲ್ಲಿ ಸಂಗಾತಿಗಳು ಅಪರಿಚಿತರಿಗಿಂತ ಮುಂದೆ ಇರಲಿಲ್ಲ. 'ನನ್ನ ಮಾತು ಇವರಿಗೆ ಅರ್ಥವಾಗಿರುತ್ತದೆ' ಅನ್ನುವ ನಂಬಿಕೆ ಮಾತ್ರ ಸಂಗಾತಿಗಳ ವಿಷಯದಲ್ಲಿ ಜಾಸ್ತಿ ಇತ್ತು. ಹತ್ತಿರದವರಿಗೆ ನಾವು ಬಿಡಿಸಿ ಹೇಳುವುದನ್ನೇ ಬಿಟ್ಟುಬಿಟ್ಟಿರುತ್ತೇವೆ.

ಇನ್ನೊಂದು ಗೋಜಲು ಇದೆ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೊಲಿ ಕೆನಡಾದ ದಂಪತಿಗಳನ್ನು ಬೇರೆಬೇರೆಯಾಗಿ ಕೂರಿಸಿ, ಮನೆಗೆಲಸದಲ್ಲಿ ನಿಮ್ಮ ಪಾಲು ಎಷ್ಟು ಅಂತ ಕೇಳಿದರು. ಇಬ್ಬರ ಉತ್ತರ ಕೂಡಿಸಿದರೆ ನೂರನ್ನು ದಾಟುತ್ತಿತ್ತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ತಾನು ಮಾಡಿದ್ದು ತನಗೆ ಚೆನ್ನಾಗಿ ನೆನಪಿರುತ್ತದೆ, ಇನ್ನೊಬ್ಬರು ಮಾಡಿದ್ದಕ್ಕೆ ನಾವು ಸಾಕ್ಷಿಯೇ ಇರುವುದಿಲ್ಲ. ಹಾಗಾಗಿ 'ನಾನು ಇಷ್ಟು ಮಾಡಿದ್ದೇನೆ, ಅವರು ಅಷ್ಟಾದರೂ ಮಾಡಲಿ' ಅನ್ನುವಾಗ ಆ 'ಇಷ್ಟು' ಮೊದಲೇ ಸ್ವಲ್ಪ ಉಬ್ಬಿರುತ್ತದೆ.

ಇನ್ನು ನಮ್ಮ ಹಬ್ಬಗಳು. ಗೌರಿ ಹಬ್ಬಕ್ಕೆ ಬೆಂಗಳೂರಿನಿಂದ ಮಗ ಬರುತ್ತಾನೆ ಅಂತ ಅಮ್ಮ ಹೋಳಿಗೆಗೆ ಬೇಳೆ ತಂದಿಟ್ಟಿರುತ್ತಾಳೆ. ಹಿಂದಿನ ದಿನ ಫೋನು: "ಅಮ್ಮಾ, ಬಸ್ಸೆಲ್ಲಾ ಫುಲ್ಲು. ಈ ಸಲ ಬರಕ್ಕಾಗಲ್ಲ." ಅವಳು "ಪರವಾಗಿಲ್ಲ ಬಿಡಪ್ಪಾ" ಅನ್ನುತ್ತಾಳೆ. ಅವನು ಅದನ್ನು ಅಕ್ಷರಶಃ ನಂಬುತ್ತಾನೆ. ಅವನ ಮಿದುಳಿಗೆ ಬಂದ ಪಾಠ ಏನು? ಹೋಗದಿದ್ದರೂ ಅಮ್ಮನಿಗೆ ಅಂಥ ಬೇಜಾರಿಲ್ಲ. ಮುಂದಿನ ವರ್ಷ ಟಿಕೆಟ್ಟನ್ನು ಇನ್ನೂ ತಡವಾಗಿ ನೋಡುತ್ತಾನೆ. ನಿರಾಸೆ ಅಮ್ಮನ ತಲೆಯೊಳಗೇ ಉಳಿದರೆ ತಿದ್ದುಪಡಿ ಅವಳ ಅಂದಾಜಿಗೆ ಮಾತ್ರ ಆಗುತ್ತದೆ. 'ಇವನು ಇನ್ನು ಬರೋದಿಲ್ಲ' ಅಂತ.

ಅದಕ್ಕೇ ಬೇಕಾದ್ದನ್ನು ಮೊದಲೇ, ಬಾಯಿಬಿಟ್ಟು, ಇಂಥದ್ದು ಅಂತ ಹೇಳುವುದು ನನಗೆ ಎಲ್ಲಕ್ಕಿಂತ ಸರಿಯಾದ ದಾರಿ ಅನ್ನಿಸುತ್ತದೆ. "ಹಬ್ಬಕ್ಕೆ ನೀನು ಬಂದರೆ ಖುಷಿ, ಈ ವಾರವೇ ಟಿಕೆಟ್ ಮಾಡಿಸು." 'ಕೇಳಿ ಪಡೆದರೆ ಏನು ಬಂತು, ತಾನಾಗೇ ಗೊತ್ತಾಗಬೇಕು' ಅನ್ನುವವರು ನಮ್ಮಲ್ಲಿ ಬಹಳ. ಇನ್ನೊಬ್ಬರ ಮನಸ್ಸು ಓದುವ ಪರೀಕ್ಷೆಯಲ್ಲಿ ದಂಪತಿಗಳೇ ಪಾಸಾಗಲಿಲ್ಲ ಅನ್ನುವುದನ್ನು ಅವರಿಗೆ ನೆನಪಿಸಬೇಕು. ಹೇಳಿದ ಮೇಲೂ ಆಗದಿದ್ದರೆ ನೋವು ಇದ್ದೇ ಇದೆ. ಆದರೆ ಡೇನಿಯಲ್ ಗಿಲ್ಬರ್ಟ್ ಮತ್ತು ತಿಮೊಥಿ ವಿಲ್ಸನ್ ಮತ್ತೆ ಮತ್ತೆ ತೋರಿಸಿರುವಂತೆ, ಇಂಥ ನೋವು ಎಷ್ಟು ದಿನ ಇರುತ್ತದೆ ಅಂತ ನಾವು ಮೊದಲು ಊಹಿಸುತ್ತೇವೋ ಅದಕ್ಕಿಂತ ಬೇಗ ಅದು ತಣ್ಣಗಾಗುತ್ತದೆ. ಆ ಬಿಸಿಯಲ್ಲಿ ಫ್ಯಾಮಿಲಿ ಗ್ರೂಪಿನಲ್ಲಿ ಉದ್ದದ ಮೆಸೇಜ್ ಹಾಕದಿದ್ದರೆ ಅರ್ಧ ಕೆಲಸ ಆದಂತೆ.

ಎಲ್ಲಾ ನಿರಾಸೆಯನ್ನೂ ನುಂಗಿಕೊಳ್ಳಬೇಕಿಲ್ಲ ಕೂಡ. 2003ರಲ್ಲಿ ಸಾರಾ ಬ್ರಾಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ ಪ್ರಕಟಿಸಿದ ಪ್ರಯೋಗದಲ್ಲಿ, ಪಕ್ಕದ ಕೋತಿಗೆ ಅದೇ ಕೆಲಸಕ್ಕೆ ದ್ರಾಕ್ಷಿ ಕೊಟ್ಟದ್ದನ್ನು ನೋಡಿದ ಕಪುಚಿನ್ ಕೋತಿಗಳು ತಮಗೆ ಕೊಟ್ಟ ಸೌತೆಕಾಯಿ ಚೂರನ್ನು ಎಷ್ಟೋ ಸಲ ನಿರಾಕರಿಸಿದವು, ಕೆಲವೊಮ್ಮೆ ಎಸೆದೂಬಿಟ್ಟವು. ಇದು ಅನ್ಯಾಯಕ್ಕೆ ಬಂದ ಸಿಟ್ಟೋ, ದ್ರಾಕ್ಷಿ ಕಂಡು ಆಸೆ ಏರಿದ್ದರಿಂದ ಆದ ನಿರಾಸೆಯೋ ಅಂತ ವಿಜ್ಞಾನಿಗಳ ನಡುವೆ ವಾದ ನಡೆದಿದೆ. ನನ್ನ ಮಟ್ಟಿಗೆ ಒಂದು ಸ್ಪಷ್ಟ. ಒಂದೇ ಮನೆಯಲ್ಲಿ ಒಬ್ಬರೇ ದಿನಾ ಪಾತ್ರೆ ತೊಳೆಯುತ್ತಿದ್ದರೆ, ಅವರಿಗೆ ನಿರೀಕ್ಷೆ ಕಡಿಮೆ ಮಾಡಿಕೊಳ್ಳಿ ಅನ್ನುವುದು ದ್ರಾಕ್ಷಿ ತಿನ್ನುವವರ ಉಪದೇಶ.

ಎಲ್ಲಕ್ಕಿಂತ ಬಿಡಿಸಿಕೊಳ್ಳಲು ಕಷ್ಟವಾದ ಗಂಟು ಬೇರೆ. ಶುಲ್ಟ್ಸ್ ತಂಡವೇ 2003ರಲ್ಲಿ ರಸ ಸಿಗುವ ಸಾಧ್ಯತೆಯನ್ನು ಬೇರೆಬೇರೆ ಮಟ್ಟಕ್ಕೆ ಇಟ್ಟು ನೋಡಿತು. ಸೂಚನೆ ಮತ್ತು ರಸದ ನಡುವೆ ಕಾಯುವ ಹೊತ್ತಿನಲ್ಲಿ ಕೋಶಗಳು ಅತಿ ಜಾಸ್ತಿ ಮಿಡಿದದ್ದು ಖಂಡಿತ ಸಿಗುತ್ತದೆ ಅನ್ನುವಾಗಲ್ಲ, ಸಿಗುವುದೂ ಸಿಗದಿರುವುದೂ ಸರಿಸಮ ಇದ್ದಾಗ. ಕೆಲವೊಮ್ಮೆ ಪ್ರೀತಿಯಿಂದ ಮಾತಾಡಿ, ಕೆಲವೊಮ್ಮೆ ವಾರಗಟ್ಟಲೆ ಕಾಣೆಯಾಗುವ ಸ್ನೇಹಿತರನ್ನು ನಾವು ಬಿಡದೆ ಕಾಯುವುದು ಇದಕ್ಕೇ ಇರಬಹುದು. ಯಾವತ್ತೂ ಉತ್ತರ ಕೊಡದವರನ್ನು ಬಿಡುವುದು ಸುಲಭ. ಆಗೊಮ್ಮೆ ಈಗೊಮ್ಮೆ ಕೊಡುವವರ ವಿಷಯದಲ್ಲಿ ಕೊನೆಯ ಸಿಹಿ ಮಾತೇ ತಲೆಯಲ್ಲಿ ಕೂತಿರುತ್ತದೆ, ಅಂದಾಜು ತಿದ್ದಿಕೊಳ್ಳುವುದೇ ಇಲ್ಲ. ಆಗ ನೆನಪನ್ನು ನಂಬಬಾರದು. ಕಳೆದ ಆರು ತಿಂಗಳ ಚಾಟನ್ನು ಮೇಲಕ್ಕೆ ಎಳೆದು, ಪ್ರತಿ ಸಲ ಮೊದಲು ಮೆಸೇಜ್ ಹಾಕಿದ್ದು ಯಾರು ಅಂತ ಎಣಿಸಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.