ಹತ್ತಿರದಲ್ಲಿ ಸಭೆಯೇ ಕಾಣದ ಕಡೆ ಕುಡಿತ ಬಿಡುವವರ ಗುಂಪನ್ನು ಹುಡುಕುವುದು ಹೇಗೆ?

ಪ್ರಶ್ನೆ: ನಾವಿರುವುದು ದೊಡ್ಡ ಪಟ್ಟಣಗಳಿಂದ ಬಹಳ ದೂರದ ಹಳ್ಳಿಯಲ್ಲಿ. ಕುಡಿತ ಬಿಡಬೇಕೆಂದು ನನ್ನ ತಮ್ಮ ಈಗ ತಾನಾಗಿಯೇ ಹೇಳುತ್ತಿದ್ದಾನೆ. ನೆರವಿನ ಗುಂಪುಗಳಿಗಾಗಿ ಅಂತರ್ಜಾಲದಲ್ಲಿ ಹುಡುಕಿದರೆ ನಗರಗಳ ಸಭೆಗಳೇ ಸಿಗುತ್ತವೆ. ನಮ್ಮಂಥವರು ಏನು ಮಾಡಬೇಕು?

ಉತ್ತರ: ನೇರವಾಗಿ ಹೇಳುವುದಾದರೆ, ಊರಿನ ಹೆಸರು ಹಾಕಿ ಹುಡುಕುವುದನ್ನು ಬಿಡಿ. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಕುಡಿತ ಬಿಡುವವರು ಪರಸ್ಪರ ನೆರವಾಗುವ ಸಂಘಟನೆ. ನಿಮ್ಮ ರಾಜ್ಯ ಅಥವಾ ಪ್ರದೇಶಕ್ಕೆ ಸಂಬಂಧಪಟ್ಟ ಅದರ ಕಚೇರಿಯ ಸಹಾಯವಾಣಿಗೆ ಫೋನ್ ಮಾಡಿ, ನೀವು ಯಾವ ಕಡೆ ಇದ್ದೀರಿ, ಎಷ್ಟು ದೂರ ಹೋಗಿ ಬರಬಲ್ಲಿರಿ, ವಾರದ ಯಾವ ದಿನ ಬಿಡುವಿದೆ ಎಂಬ ಮೂರು ವಿಷಯಗಳನ್ನು ಹೇಳಿ. ಸಭೆಯ ಜಾಗವನ್ನೂ ವೇಳೆಯನ್ನೂ ಅಲ್ಲಿ ಮಾತನಾಡುವವರಿಂದಲೇ ಕೇಳಿ ತಿಳಿದುಕೊಳ್ಳಿ. ಹೆಚ್ಚಿನ ಕಡೆ ಆ ಫೋನ್ ತೆಗೆಯುವವರು ಸ್ವತಃ ಕುಡಿತ ಬಿಟ್ಟ ಸ್ವಯಂಸೇವಕರು. ಯಾವ ಪಟ್ಟಿಯಲ್ಲೂ ಇಲ್ಲದ ವಿಷಯಗಳು ಅವರಿಗೆ ಗೊತ್ತಿರುತ್ತವೆ.

ಪಟ್ಟಿಗಳನ್ನು ಪೂರ್ತಿ ನಂಬಬೇಡಿ ಎನ್ನುವುದಕ್ಕೆ ಕಾರಣವಿದೆ. ಎ.ಎ.ಯಲ್ಲಿ ಪ್ರತಿಯೊಂದು ಗುಂಪೂ ಸ್ವತಂತ್ರ. ಹಲವು ಗುಂಪುಗಳು ಸೇರಿ ಇಂಟರ್‌ಗ್ರೂಪ್ ಎಂಬ ಸಾಮೂಹಿಕ ಕಚೇರಿಯನ್ನು ನಡೆಸುತ್ತವೆಯಾದರೂ, ಅದಕ್ಕೆ ಗುಂಪುಗಳ ಮೇಲೆ ಅಧಿಕಾರವಿಲ್ಲ. ಗುಂಪು ತಿಳಿಸಿದ್ದನ್ನು ಅದು ಪಟ್ಟಿಗೆ ಸೇರಿಸುತ್ತದೆ, ತಿಳಿಸದಿದ್ದರೆ ಹಳೆಯ ಮಾಹಿತಿಯೇ ಉಳಿದುಬಿಡುತ್ತದೆ. ನಾಲ್ಕೈದು ಜನರ ಗುಂಪಿನಲ್ಲಿ ಬೀಗದ ಕೈ ಇಟ್ಟುಕೊಂಡವರು ಕಾಯಿಲೆ ಬಿದ್ದರೆ ಆ ವಾರ ಬಾಗಿಲು ತೆರೆಯುವುದಿಲ್ಲ, ಇಬ್ಬರು ಊರು ಬಿಟ್ಟರೆ ಸಭೆಯೇ ನಿಂತುಹೋಗುತ್ತದೆ. ತಿಂಗಳುಗಟ್ಟಲೆ ಹಿಂಜರಿದು ಕೊನೆಗೆ ಮನಸ್ಸು ಗಟ್ಟಿಮಾಡಿಕೊಂಡು ಅರವತ್ತು ಕಿಲೋಮೀಟರ್ ಹೋದವರು, ಕತ್ತಲಲ್ಲಿ ಬೀಗ ಹಾಕಿದ ಬಾಗಿಲ ಮುಂದೆ ಅರ್ಧ ಗಂಟೆ ನಿಂತು ಮರಳಿದರೆ, ಅಂಥವರು ಎರಡನೆಯ ಬಾರಿ ಹೊರಡುವುದು ಬಹಳ ಕಷ್ಟ. ಆದ್ದರಿಂದ ಹೊರಡುವ ದಿನವೇ ಇನ್ನೊಮ್ಮೆ ಫೋನ್ ಮಾಡಿ, ಈ ಸಂಜೆ ಸಭೆ ಖಂಡಿತ ಇದೆಯೇ ಎಂದು ಕೇಳಿ. ಹೊಸಬರು ಬರುತ್ತಾರೆಂದು ತಿಳಿದರೆ ಯಾರಾದರೂ ಬಾಗಿಲಲ್ಲಿ ಕಾಯುತ್ತಾರೆ, ಕೆಲವೊಮ್ಮೆ ತಾವೇ ಬಂದು ಕರೆದುಕೊಂಡು ಹೋಗುತ್ತಾರೆ.

ಹಾಗೆಂದು ಪಟ್ಟಿಗಳನ್ನು ನೋಡಲೇಬಾರದೆಂದಲ್ಲ. ಎ.ಎ.ಯ ಮೀಟಿಂಗ್ ಗೈಡ್ ಎಂಬ ಉಚಿತ ಆ್ಯಪ್ ಇದೆ. ಅದರಲ್ಲಿ ದೂರದ ಮಿತಿಯನ್ನು ದೊಡ್ಡದು ಮಾಡಿ ಹುಡುಕಿದರೆ, ಕಾಣದಿದ್ದ ಸಭೆಗಳು ಕಾಣಬಹುದು. ರಾಜ್ಯದ ಗಡಿಯ ಹತ್ತಿರ ಇರುವವರು ಆಚೆಯ ರಾಜ್ಯದ ಪಟ್ಟಿಯನ್ನೂ ನೋಡಬೇಕು; ತಮ್ಮ ರಾಜ್ಯದೊಳಗೆ ನೂರು ಕಿಲೋಮೀಟರ್ ದೂರದಲ್ಲಿರುವ ಸಭೆ, ಗಡಿ ದಾಟಿದರೆ ಇಪ್ಪತ್ತು ಕಿಲೋಮೀಟರಿನಲ್ಲೇ ಇರಬಹುದು. ಇವಲ್ಲದೆ ಹತ್ತಿರದ ವ್ಯಸನಮುಕ್ತಿ ಕೇಂದ್ರದ ಆಪ್ತಸಮಾಲೋಚಕರು, ಆಸ್ಪತ್ರೆಯ ಮನೋರೋಗ ವಿಭಾಗದವರು ಮತ್ತು ಸಭೆಗಳಿಗೆ ಜಾಗ ಕೊಡುವ ಪ್ರಾರ್ಥನಾಲಯಗಳವರು ಸುತ್ತಮುತ್ತಲಿನ ಗುಂಪುಗಳನ್ನು ಬಲ್ಲವರಾಗಿರುತ್ತಾರೆ.

ಸಭೆ ಹುಡುಕುವುದಕ್ಕಿಂತ ಮೊದಲು ಮಾಡಬೇಕಾದ ಒಂದು ಕೆಲಸವಿದೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮ ತಮ್ಮ ದಿನವೂ ಹೆಚ್ಚು ಪ್ರಮಾಣದಲ್ಲಿ ಕುಡಿಯುತ್ತಿದ್ದರೆ, ವೈದ್ಯರನ್ನು ಕಾಣದೆ ಒಮ್ಮೆಲೇ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದ ಮೊದಲ 48 ಗಂಟೆಗಳೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಸಾಮಾನ್ಯವಾಗಿ 2ರಿಂದ 4 ದಿನಗಳ ನಡುವೆ ವಿಪರೀತ ನಡುಕ, ಜ್ವರ, ದಿಕ್ಕು ತಪ್ಪಿದಂಥ ಮಾತು, ಇಲ್ಲದ್ದು ಕಣ್ಣಿಗೆ ಕಾಣುವುದು ಮುಂತಾದ ಲಕ್ಷಣಗಳಿರುವ ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿ ಉಂಟಾಗಬಹುದು, ಅದು ಪ್ರಾಣಕ್ಕೇ ಅಪಾಯ. ಇದನ್ನು ತಡೆಯಲು ಔಷಧಗಳಿವೆ, ಅವನ್ನು ವೈದ್ಯರೇ ಕೊಡಬೇಕು. ನೆರವಿನ ಗುಂಪು ಈ ಚಿಕಿತ್ಸೆಗೆ ಬದಲಿಯಲ್ಲ. ಚಿಕಿತ್ಸೆ ಮುಗಿದ ಮೇಲೆ ಬರುವ ತಿಂಗಳುಗಳಲ್ಲಿ, ವರ್ಷಗಳಲ್ಲಿ ಕೈಹಿಡಿದು ನಡೆಸುವ ಕೆಲಸ ಅದರದು.

ಅಷ್ಟು ದೂರ ಹೋಗುವುದು ಸಾರ್ಥಕವೇ ಎಂದು ಕೇಳುವವರೂ ಇದ್ದಾರೆ. ಇದನ್ನು ಸಂಶೋಧಕರು ಪರಿಶೀಲಿಸಿದ್ದಾರೆ. 27 ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆಯ ಸಮೀಕ್ಷೆಯ ಪ್ರಕಾರ, ಜನರನ್ನು ಎ.ಎ.ಗೆ ಕ್ರಮಬದ್ಧವಾಗಿ ಸೇರಿಸುವ ಚಿಕಿತ್ಸಾ ವಿಧಾನವು, ಕುಡಿತದಿಂದ ಸತತವಾಗಿ ದೂರ ಉಳಿಯುವ ವಿಷಯದಲ್ಲಿ, ಬೇರೆ ಪ್ರಚಲಿತ ಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಟ್ಟಿದೆ. ಎಲ್ಲರಿಗೂ ಅದೇ ಹೊಂದುತ್ತದೆ ಎಂದು ಇದರ ಅರ್ಥವಲ್ಲ. ಎ.ಎ. ಸದಸ್ಯರು ಅನುಸರಿಸುವ ಹನ್ನೆರಡು ಮೆಟ್ಟಿಲುಗಳೆಂಬ ಸೂತ್ರಗಳಲ್ಲಿ ದೇವರ ಮಾತು ಬರುತ್ತದೆ, ಅದು ಒಗ್ಗದವರಿಗೆ 1994ರಲ್ಲಿ ಆರಂಭವಾದ ಸ್ಮಾರ್ಟ್ ರಿಕವರಿ ಗುಂಪುಗಳಿವೆ; ಹೆಣ್ಣುಮಕ್ಕಳಿಗಾಗಿಯೇ 1975ರಲ್ಲಿ ಹುಟ್ಟಿದ ವಿಮೆನ್ ಫಾರ್ ಸೊಬ್ರೈಟಿ ಇದೆ. ಆದರೆ ಜನವಸತಿ ವಿರಳವಾದ ಕಡೆಗಳಲ್ಲಿ ಮುಖಾಮುಖಿ ಸಭೆ ಎಂದರೆ ಬಹುಮಟ್ಟಿಗೆ ಎ.ಎ.ಯದೇ ಆಗಿರುತ್ತದೆ.

ಹಳ್ಳಿಗಾಡಿನಲ್ಲಿ ದೂರಕ್ಕಿಂತ ದೊಡ್ಡ ತೊಡಕು ಗುರುತಿನದು ಎಂದು ನನ್ನ ಭಾವನೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ, ಆ ಕಟ್ಟಡದ ಮುಂದೆ ಯಾರ ಗಾಡಿ ನಿಂತಿತ್ತು ಎಂಬುದು ಮರುದಿನ ಬೆಳಗಾಗುವುದರೊಳಗೆ ಊರಿಗೆಲ್ಲ ತಿಳಿಯುತ್ತದೆ. ಸಭೆಯಲ್ಲಿ ಯಾರನ್ನು ಕಂಡಿರಿ, ಏನು ಕೇಳಿದಿರಿ ಎಂಬುದನ್ನು ಹೊರಗೆ ಹೇಳಬಾರದೆಂಬುದು ಎ.ಎ.ಯ ಅನಾಮಿಕತೆಯ ಸಂಪ್ರದಾಯ, ಸದಸ್ಯರು ಅದನ್ನು ಶ್ರದ್ಧೆಯಿಂದ ಪಾಲಿಸುತ್ತಾರೆ. ಆದರೂ ಅದು ಪರಸ್ಪರ ನಂಬಿಕೆಯ ಮೇಲೆ ನಿಂತದ್ದು, ಕಾನೂನಿನ ಕಟ್ಟುಪಾಡಲ್ಲ. ತಮ್ಮ ಊರಿನ ಸಭೆಯನ್ನು ಬಿಟ್ಟು ಎರಡು ಊರು ಆಚೆಯ ಸಭೆಗೆ ಹೋಗುವವರು ಎಷ್ಟೋ ಜನ ಇದ್ದಾರೆ; ಅದರಲ್ಲಿ ತಪ್ಪೇನೂ ಇಲ್ಲ. ನಿಮ್ಮ ತಮ್ಮನಿಗೆ ಹಾಗೆ ಅನ್ನಿಸಿದರೆ, ಹತ್ತಿರದ್ದೇ ಆಗಬೇಕೆಂದು ಒತ್ತಾಯ ಮಾಡಬೇಡಿ.

ಪಟ್ಟಿಯಲ್ಲಿ ಸಭೆಯ ಹೆಸರಿನ ಮುಂದೆ ಓಪನ್ ಅಥವಾ ಕ್ಲೋಸ್ಡ್ ಎಂದು ನಮೂದಿಸಿರುತ್ತಾರೆ. ಓಪನ್ ಸಭೆಗೆ ಯಾರು ಬೇಕಾದರೂ ಬಂದು ಕೂರಬಹುದು. ಕ್ಲೋಸ್ಡ್ ಸಭೆ ಕುಡಿತ ಬಿಡುವ ಬಯಕೆಯುಳ್ಳವರಿಗೆ ಮಾತ್ರ. ನೀವೂ ಜೊತೆಗೆ ಹೋಗುವುದಾದರೆ ಓಪನ್ ಸಭೆಯನ್ನೇ ಆರಿಸಿ. ಸಾಮಾನ್ಯವಾಗಿ ಒಂದು ಗಂಟೆ ನಡೆಯುವ ಸಭೆಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿರುತ್ತಾರೆ, ಒಬ್ಬರು ಗುಂಪಿನ ಉದ್ದೇಶವನ್ನು ಓದುತ್ತಾರೆ, ಬಳಿಕ ಒಬ್ಬೊಬ್ಬರೇ ತಮ್ಮ ಮೊದಲ ಹೆಸರನ್ನಷ್ಟೇ ಹೇಳಿ ತಮ್ಮ ಅನುಭವವನ್ನು ಹಂಚಿಕೊಳ್ಳುತ್ತಾರೆ. ತಮ್ಮ ಸರದಿ ಬಂದಾಗ ಹೊಸಬರು, ಇವತ್ತು ಸುಮ್ಮನೆ ಕೇಳುತ್ತೇನೆ ಎಂದರೆ ಸಾಕು, ಸರದಿ ಮುಂದಕ್ಕೆ ಹೋಗುತ್ತದೆ. ಶುಲ್ಕವಿಲ್ಲ, ಅರ್ಜಿ ತುಂಬಬೇಕಾಗಿಲ್ಲ. ಕಾಣಿಕೆಯ ಬುಟ್ಟಿ ಎದುರಿಗೆ ಬಂದರೂ ಹಾಕಲೇಬೇಕೆಂದಿಲ್ಲ.

ಪ್ರಶ್ನೆ ಕೇಳಿದ ನಿಮಗೂ ಒಂದು ಮಾತು ಹೇಳಬೇಕು. ಕುಡಿಯುವವರ ಮನೆಯವರಿಗಾಗಿ 1951ರಿಂದ ಅಲ್-ಅನಾನ್ ಎಂಬ ಪ್ರತ್ಯೇಕ ಸಂಘಟನೆ ಇದೆ. ನಿಮ್ಮ ತಮ್ಮ ತನ್ನ ಸಭೆಗೆ ಹೋಗಲಿ, ಬಿಡಲಿ, ನೀವು ಅಲ್ಲಿಗೆ ಹೋಗಬಹುದು.

ವಾರಕ್ಕೊಂದೇ ಮುಖಾಮುಖಿ ಸಭೆ ಸಿಕ್ಕಿದರೆ, ಉಳಿದ ದಿನಗಳಿಗೆ ಫೋನ್ ಮತ್ತು ವಿಡಿಯೊ ಸಭೆಗಳಿವೆ. ಹಗಲು ರಾತ್ರಿಯೆನ್ನದೆ ಎಲ್ಲೋ ಒಂದು ಕಡೆ ನಡೆಯುತ್ತಲೇ ಇರುತ್ತವೆ. ನೆಟ್‌ವರ್ಕ್ ದುರ್ಬಲವಾದ ಕಡೆ ಸಾಧಾರಣ ಫೋನ್ ಕರೆಯಿಂದಲೇ ಸೇರಬಹುದಾದ ಸಭೆಗಳನ್ನು ಕೇಳಿ ಪಡೆಯಿರಿ. ಆದರೆ ತೆರೆಯ ಮೇಲಿನ ಸಭೆಯಷ್ಟರಲ್ಲೇ ನಿಲ್ಲಬೇಡಿ ಎಂದು ನಾನು ಹೇಳುವೆ. ರಾತ್ರಿ ಹನ್ನೊಂದಕ್ಕೆ ಕುಡಿಯುವ ಆಸೆ ತಡೆಯಲಾಗದೆ ಫೋನ್ ಮಾಡಿದಾಗ, ನಲವತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಬರಬಲ್ಲ ಒಬ್ಬರ ಪರಿಚಯ ಮುಖಾಮುಖಿ ಸಭೆಯಲ್ಲೇ ಆಗುವುದು ಹೆಚ್ಚು.

ಎಲ್ಲ ಹುಡುಕಿಯೂ ಸಿಗದಿದ್ದರೆ? ಎ.ಎ. ಹುಟ್ಟಿದ್ದೇ ಅಂಥ ಪರಿಸ್ಥಿತಿಯಲ್ಲಿ. ಕುಡಿತ ಬಿಟ್ಟಿದ್ದ ನ್ಯೂಯಾರ್ಕಿನ ಬಿಲ್ ವಿಲ್ಸನ್ 1935ರ ಮೇ ತಿಂಗಳಲ್ಲಿ ಒಹಾಯೊದ ಆಕ್ರನ್ ನಗರಕ್ಕೆ ವ್ಯವಹಾರಕ್ಕೆಂದು ಹೋಗಿ, ಕೆಲಸ ಕೆಟ್ಟು, ಹೋಟೆಲಿನ ಮೊಗಸಾಲೆಯಲ್ಲಿ ಒಂಟಿಯಾಗಿ ನಿಂತಿದ್ದರು. ಒಂದು ಕಡೆ ಬಾರ್, ಇನ್ನೊಂದು ಕಡೆ ಚರ್ಚುಗಳ ಹೆಸರಿನ ಪಟ್ಟಿ. ಕುಡಿತದಿಂದ ನರಳುವ ಇನ್ನೊಬ್ಬರ ಜೊತೆ ಮಾತನಾಡಬೇಕೆಂದು ಅವರು ಪಟ್ಟಿ ನೋಡಿ ಒಬ್ಬ ಪಾದ್ರಿಗೆ ಫೋನ್ ಮಾಡಿದರು. ಒಂದು ಫೋನ್ ಇನ್ನೊಂದಕ್ಕೆ ದಾರಿಯಾಗಿ, ಕೊನೆಗೆ ಹೆನ್ರಿಯೆಟಾ ಸೀಬರ್ಲಿಂಗ್ ಎಂಬ ಮಹಿಳೆ ಅವರನ್ನು ಕುಡಿತದಿಂದ ನರಳುತ್ತಿದ್ದ ವೈದ್ಯ ಡಾ. ಬಾಬ್ ಸ್ಮಿತ್ ಅವರಿಗೆ ಭೇಟಿ ಮಾಡಿಸಿದರು. ಹದಿನೈದು ನಿಮಿಷ ಮಾತ್ರ ಇರುತ್ತೇನೆ ಎಂದು ಬಂದ ಡಾ. ಬಾಬ್ ಗಂಟೆಗಟ್ಟಲೆ ಕುಳಿತು ಮಾತನಾಡಿದರು. ಡಾ. ಬಾಬ್ ಕೊನೆಯ ಬಾರಿ ಕುಡಿದ ದಿನವೆಂದು ಹೇಳಲಾಗುವ 1935ರ ಜೂನ್ 10 ಅನ್ನೇ ಎ.ಎ. ತನ್ನ ಸ್ಥಾಪನಾ ದಿನವೆಂದು ಆಚರಿಸುತ್ತದೆ.

ಇಬ್ಬರು ಮೂವರು ಕುಡಿತದಿಂದ ಹೊರಬರಲು ಒಟ್ಟಿಗೆ ಕುಳಿತರೆ ಅದನ್ನು ಎ.ಎ. ಗುಂಪು ಎನ್ನಬಹುದು ಎಂಬುದು ಇಂದಿಗೂ ಆ ಸಂಘಟನೆಯ ನಿಲುವು. ನಿಮ್ಮ ತಮ್ಮ ಕೆಲವು ತಿಂಗಳು ದೂರದ ಸಭೆಗೆ ಹೋಗಿ, ಕುಡಿಯದೆ ನಿಂತು, ಜೊತೆಗೆ ಇನ್ನೊಬ್ಬರು ಸಿಕ್ಕರೆ, ಹಳೆಯ ಸದಸ್ಯರ ಸಹಾಯದಿಂದ ನಿಮ್ಮ ಕಡೆಯೇ ಒಂದು ಸಭೆಯನ್ನು ಆರಂಭಿಸಬಹುದು. ಆಗ ಮೊದಲ ವಾರವೇ ಪ್ರಾದೇಶಿಕ ಕಚೇರಿಗೆ ಜಾಗ, ದಿನ, ವೇಳೆ, ಸಂಪರ್ಕದ ಫೋನ್ ಸಂಖ್ಯೆ ತಿಳಿಸಿ, ವೇಳೆ ಬದಲಾದರೆ ಅದನ್ನೂ ಅಂದೇ ತಿಳಿಸಿ.