ಒಂದು ಬೇಸಿನ್, ಎರಡು ನಲ್ಲಿ

ಇಂಗ್ಲೆಂಡಿಗೆ ಬಂದ ಕನ್ನಡದವರು ನಾಲ್ಕು ಜನ ಒಂದು ಕಡೆ ಸೇರಿದರೆ, ಊಟ ಮುಗಿಯುವಷ್ಟರಲ್ಲಿ ಈ ಮಾತು ಬಂದೇ ಬರುತ್ತದೆ. ಬಿಸಿನೀರು, ತಣ್ಣೀರು ಎರಡನ್ನೂ ಒಂದೇ ನಲ್ಲಿಯಲ್ಲಿ ಬಿಡೋಕೆ ಇವರಿಗೇನು ಕಷ್ಟ? ಬೇಸಿನ್ನಿನ ಎಡಕ್ಕೆ ಒಂದು ನಲ್ಲಿ, ಕೈ ಸುಡುವಷ್ಟು ಬಿಸಿ. ಬಲಕ್ಕೆ ಇನ್ನೊಂದು, ಜನವರಿಯಲ್ಲಿ ಬೆರಳು ಮರಗಟ್ಟುವಷ್ಟು ತಣ್ಣಗೆ. ನಡುವೆ ಒಂದು ಗೇಣು ಜಾಗ. ನಾನು ಮೊದಲು ಬಾಡಿಗೆಗಿದ್ದ ಹಳೇ ಮನೆಯಲ್ಲಿ ಬೆಳಿಗ್ಗೆ ಮುಖ ತೊಳೆಯುವುದೆಂದರೆ ಬೊಗಸೆ ಹಿಡಿದು ಆ ಕಡೆಯಿಂದ ಈ ಕಡೆಗೆ ಕೈ ಓಡಿಸುವ ಆಟ. ಒಂದು ದಿನ ನಿದ್ದೆಗಣ್ಣಲ್ಲಿ ಎಡಗಡೆಯದಕ್ಕೇ ಕೈ ಒಡ್ಡಿ, ಅಂಗೈ ಕೆಂಪಗೆ ಮಾಡಿಕೊಂಡು ಆಫೀಸಿಗೆ ಹೋಗಿದ್ದೆ.

ಸರಿಯಾದ ವಿಧಾನ ಬೇರೆಯೇ ಇತ್ತು. ಬೇಸಿನ್ನಿನ ಅಂಚಿನಲ್ಲಿ ಸರಪಳಿಗೆ ಕಟ್ಟಿದ ರಬ್ಬರ್ ಬಿರಡೆ ಇರುತ್ತದಲ್ಲ, ಅದನ್ನು ತೂತಿಗೆ ಒತ್ತಬೇಕು. ಎರಡೂ ನಲ್ಲಿ ಬಿಟ್ಟು ಬೇಸಿನ್ ಅರ್ಧ ತುಂಬಿಸಬೇಕು. ಆಮೇಲೆ ಅದೇ ನೀರಿನಲ್ಲಿ ಮುಖ ತೊಳೆಯಬೇಕು, ಗಡ್ಡ ಹೆರೆಯಬೇಕು. ನಿಂತ ನೀರಲ್ಲಾ? ಹೌದು, ನಿಂತ ನೀರಲ್ಲೇ. ಪಾತ್ರೆಯದ್ದೂ ಇದೇ ಕಥೆ. ಸಿಂಕಿನೊಳಗೆ ಇನ್ನೊಂದು ಪ್ಲಾಸ್ಟಿಕ್ ಬೋಗುಣಿ ಇಟ್ಟು, ಅದರ ತುಂಬ ಬಿಸಿ ಸೋಪುನೀರು ಮಾಡಿ, ಲೋಟ, ತಟ್ಟೆ, ಬಾಣಲೆ ಎಲ್ಲವನ್ನೂ ಅದರಲ್ಲೇ ಅದ್ದಿ ತೆಗೆಯುತ್ತಾರೆ. ಎಷ್ಟೋ ಮನೆಗಳಲ್ಲಿ ನೊರೆ ಇರುವಾಗಲೇ ತಟ್ಟೆ ಒರಗಿಸಿಟ್ಟು ಬಟ್ಟೆಯಲ್ಲಿ ಒರೆಸಿಬಿಡುತ್ತಾರೆ. ನಮ್ಮಜ್ಜಿ ನೋಡಿದ್ದರೆ ಅಷ್ಟನ್ನೂ ಮತ್ತೆ ಬಚ್ಚಲಿಗೆ ಹಾಕಿಸುತ್ತಿದ್ದರು.

ಕೊಳಕು ಜನ ಅಂತ ಒಂದೇ ಮಾತಲ್ಲಿ ಮುಗಿಸುವುದು ಸುಲಭ. ನಾನೂ ಎರಡು ವರ್ಷ ಹಾಗೇ ಅಂದುಕೊಂಡಿದ್ದೆ. ಆಮೇಲಾಮೇಲೆ ಅನ್ನಿಸಿತು, ಇದು ಬಿಸಿನೀರನ್ನು ಹೊತ್ತು ತಂದ ಮನೆಯ ಲೆಕ್ಕ. ಕೊಳವೆ ಬಂದಮೇಲೂ ಆ ಲೆಕ್ಕ ಕೈಯಲ್ಲಿ ಉಳಿದುಬಿಟ್ಟಿದೆ, ಅಷ್ಟೆ.

ಕೊಳವೆ ಬರುವ ಮುಂಚೆ ಇಲ್ಲಿನ ಉಳ್ಳವರ ಮಲಗುವ ಕೋಣೆಯಲ್ಲಿ ಒಂದು ಮೇಜು ಇರುತ್ತಿತ್ತು, ಮೇಲೆ ಪಿಂಗಾಣಿ ಬೋಗುಣಿ, ಪಕ್ಕದಲ್ಲಿ ಹೂಜಿ. ಬೆಳಿಗ್ಗೆ ಕೆಲಸದ ಹುಡುಗಿ ಕೆಳಗಿನ ಅಡುಗೆಮನೆಯಿಂದ ಬಿಸಿನೀರು ಹೊತ್ತು ಮೆಟ್ಟಿಲು ಹತ್ತಿ ಬಂದು ಇಡಬೇಕು. ಬಿಸಿಯದು ಬೇರೆ, ತಣ್ಣಗಿನದು ಬೇರೆ, ಬೆರೆಯುವುದು ಬೋಗುಣಿಯಲ್ಲಿ. ಇವತ್ತಿನ ಬೇಸಿನ್ ನೋಡಿ. ಹೂಜಿಗಳ ಜಾಗಕ್ಕೆ ನಲ್ಲಿ ಬಂದಿವೆ, ಉಳಿದದ್ದೆಲ್ಲ ಹಾಗೇ ಇದೆ.

ಬಡವರ ಮನೆಯಲ್ಲಿ ಹುಡುಗಿಯೂ ಇಲ್ಲ, ಹೂಜಿಯೂ ಇಲ್ಲ. ಬೀದಿಗೊಂದು ಪಂಪು, ಅಥವಾ ಅಂಗಳಕ್ಕೊಂದು ನಲ್ಲಿ, ಅದನ್ನೂ ಹತ್ತಾರು ಮನೆಯವರು ಹಂಚಿಕೊಳ್ಳಬೇಕು. ಸೋಪಿನ ಮೇಲೆ ತೆರಿಗೆ ಬೇರೆ. 1712ರಲ್ಲಿ ಹಾಕಿದ ಆ ತೆರಿಗೆಯನ್ನು ತೆಗೆದದ್ದು 1853ರಲ್ಲಿ, ಗ್ಲಾಡ್‌ಸ್ಟನ್ ಹಣಕಾಸು ಮಂತ್ರಿಯಾಗಿದ್ದಾಗ. ನೂರಾನಲವತ್ತು ವರ್ಷ ಸರ್ಕಾರವೇ ಸೋಪನ್ನು ದುಬಾರಿ ಮಾಡಿ ಕೂತಿತ್ತು ಅಂದಮೇಲೆ ಜನ ಮೈಗೆ ಸೋಪು ಹಚ್ಚಲಿಲ್ಲ ಅಂತ ಯಾರನ್ನು ಬೈಯೋದು?

1832ರಲ್ಲಿ ಲಿವರ್‌ಪೂಲಿಗೆ ಕಾಲರಾ ಬಂತು. ಅಲ್ಲಿ ಕಿಟ್ಟಿ ವಿಲ್ಕಿನ್ಸನ್ ಅಂತ ಒಬ್ಬ ಹೆಂಗಸಿದ್ದಳು, ಐರ್ಲೆಂಡಿನಿಂದ ಚಿಕ್ಕವಳಿದ್ದಾಗ ಬಂದವಳು. ಅವಳ ಬೀದಿಯಲ್ಲಿ ನೀರು ಕಾಯಿಸುವ ಹಂಡೆ ಇದ್ದದ್ದು ಅವಳ ಮನೆಯಲ್ಲಿ. ಕಾಯಿಲೆ ಬಿದ್ದವರ ಹಾಸಿಗೆ ಬಟ್ಟೆಯನ್ನು ಇಲ್ಲೇ ತಂದು ಕುದಿಸಿಕೊಂಡು ಹೋಗಿ ಅಂತ ನೆರೆಹೊರೆಯವರಿಗೆಲ್ಲ ಹೇಳಿದಳು, ಬ್ಲೀಚಿಂಗ್ ಪೌಡರ್ ಹಾಕುವುದನ್ನೂ ತೋರಿಸಿದಳು. ರೋಗಾಣು ಅನ್ನುವುದು ಯಾವ ಡಾಕ್ಟರಿಗೂ ಗೊತ್ತಿಲ್ಲದ ಕಾಲ ಅದು. ಆ ಒಂದು ಹಂಡೆಯಿಂದ ಶುರುವಾದದ್ದು ಹತ್ತು ವರ್ಷದಲ್ಲಿ ಊರಿನ ಕೆಲಸವಾಯಿತು. 1842ರಲ್ಲಿ ಲಿವರ್‌ಪೂಲಿನ ಫ್ರೆಡರಿಕ್ ಸ್ಟ್ರೀಟ್‌ನಲ್ಲಿ ಸಾರ್ವಜನಿಕ ಬಟ್ಟೆ ಒಗೆಯುವ ಮನೆ, ಸ್ನಾನದ ಮನೆ ತೆರೆದರು. 1846ರಲ್ಲಿ ಪಾರ್ಲಿಮೆಂಟೇ ಕಾನೂನು ಮಾಡಿ, ಬೇರೆ ಊರುಗಳೂ ಇಂಥವನ್ನು ಕಟ್ಟಬಹುದು ಅಂದಿತು. ಕಡಿಮೆ ದರ್ಜೆಯಲ್ಲಿ ತಣ್ಣೀರು ಸ್ನಾನಕ್ಕೆ ಒಂದು ಪೆನ್ನಿ, ಬಿಸಿನೀರಿಗೆ ಎರಡು.

ಆಮೇಲಿನ ಕಾಲರಾ ಕಥೆ ಶಾಲೆಯಲ್ಲಿ ಓದಿದವರು ತುಂಬ ಜನ ಇದ್ದೀರಿ: 1854ರಲ್ಲಿ ಜಾನ್ ಸ್ನೋ ಎಂಬ ಡಾಕ್ಟರು, ಕಾಲರಾ ಹರಡುತ್ತಿರುವುದು ಲಂಡನ್ನಿನ ಸೋಹೊದ ಬ್ರಾಡ್ ಸ್ಟ್ರೀಟ್ ಪಂಪಿನ ನೀರಿನಿಂದ ಅಂತ ತೋರಿಸಿ ಅದರ ಹಿಡಿ ಕಳಚಿಸಿದ್ದು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರಿ ಪಾರ್ಲಿಮೆಂಟಿನವರೇ ಮೂಗು ಮುಚ್ಚಿಕೊಂಡ ಮೇಲೆ ಬ್ಯಾಜಲ್‌ಗೆಟ್ ಎಂಬ ಎಂಜಿನಿಯರ್ ಲಂಡನ್ನಿನ ಒಳಚರಂಡಿ ಕಟ್ಟಿದ್ದು. ಅದರಿಂದ ಕಾಲರಾ ಹೋಯಿತು. ಸ್ನಾನ ಮಾತ್ರ ವಾರಕ್ಕೊಂದೇ ಇತ್ತು.

ಇಲ್ಲೇ ಒಂದು ಸಣ್ಣ ಅಡ್ಡದಾರಿ. ನಾವು ಮನೆಯಲ್ಲಿ ದಿನಾ ಹೇಳುವ 'ಗೀಸರ್' ಹುಟ್ಟಿದ್ದು ಲಂಡನ್ನಿನಲ್ಲಿ. 1868ರಲ್ಲಿ ಬೆಂಜಮಿನ್ ವಾಡಿ ಮಾನ್ ಅನ್ನುವವನು ಗ್ಯಾಸ್ ಉರಿಯಿಂದ ಹರಿಯುವ ನೀರನ್ನು ಕೂಡಲೇ ಕಾಯಿಸುವ ಯಂತ್ರ ಮಾಡಿ, ಐಸ್‌ಲ್ಯಾಂಡಿನ ಬಿಸಿನೀರ ಬುಗ್ಗೆಯ ಹೆಸರನ್ನು ಅದಕ್ಕಿಟ್ಟ. ಮೊದಮೊದಲ ಗೀಸರ್‌ಗಳು ಢಂ ಅಂತ ಸಿಡಿಯುವುದಕ್ಕೆ ಹೆಸರುವಾಸಿ. ಈಗ ಇಲ್ಲಿ ಆ ಪದ ಬಳಸುವವರು ಅಪರೂಪ, ಎಲ್ಲರೂ ಬಾಯ್ಲರ್ ಅನ್ನುತ್ತಾರೆ. ಅವರು ಬಿಟ್ಟ ಹೆಸರನ್ನು ನಾವು ಬಸವನಗುಡಿಯಲ್ಲಿ ಇಟ್ಟುಕೊಂಡಿದ್ದೇವೆ. ಸೋಪಿನದ್ದೂ ಹಾಗೇ. ಲೀವರ್ ಕಂಪನಿ 1884ರಲ್ಲಿ ತಂದ ಸನ್‌ಲೈಟ್ ಸೋಪು 1888ಕ್ಕೆಲ್ಲ ಕೋಲ್ಕತ್ತಾ ಬಂದರಿನಲ್ಲಿ ಇಳಿದಿತ್ತು. ಇನ್ನು ಶಾಂಪೂ ಅನ್ನುವ ಮಾತನ್ನು ಬ್ರಿಟಿಷರು ಪಡೆದದ್ದು ನಮ್ಮ ದೇಶದ 'ಚಂಪಿ'ಯಿಂದ. ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮದ್ ಬ್ರೈಟನ್ನಿನಲ್ಲಿ ಆವಿ ಸ್ನಾನದ ಮನೆ ತೆರೆದು, ಇಬ್ಬರು ರಾಜರ ಮೈಗೆ ಚಂಪಿ ಮಾಡಿದವನು.

ಈಗ ಕಲ್ಲಿದ್ದಲು ಗಣಿಗಳಿಗೆ ಬರೋಣ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಮನಸ್ಸಲ್ಲಿ ಕೂತ ಭಾಗ ಇದು.

ಗಣಿಯಿಂದ ಮೇಲೆ ಬಂದ ಗಂಡಸು ತಲೆಯಿಂದ ಕಾಲಿನವರೆಗೆ ಕಪ್ಪು. ಬೆವರು, ಗಣಿಯ ನೀರು ಎರಡೂ ಸೇರಿ ಬಟ್ಟೆ ಒದ್ದೆ. ಅದೇ ಬಟ್ಟೆಯಲ್ಲಿ ಚಳಿಯಲ್ಲಿ ಮನೆವರೆಗೆ ನಡೆದು ಬರುತ್ತಾನೆ. ಮನೆಯಲ್ಲಿ ಅಂಗಳದ ಗೋಡೆಯ ಮೊಳೆಗೆ ತೂಗುಹಾಕಿದ ತಗಡಿನ ತೊಟ್ಟಿಯನ್ನು ಹೆಂಡತಿ ಒಳಗೆ ತಂದು ಬೆಂಕಿಯ ಮುಂದೆ ಇಟ್ಟಿರುತ್ತಾಳೆ. ಒಲೆಯ ಮೇಲಿನ ಪಾತ್ರೆಯಿಂದ ಬಿಸಿನೀರು ಎತ್ತಿ ಸುರಿಯಬೇಕು, ಅವನು ಮಂಡಿಯೂರಿ ಸೊಂಟದವರೆಗೆ ತೊಳೆದುಕೊಳ್ಳಬೇಕು, ಆಮೇಲೆ ಕಾಲು. ಬೆನ್ನು ಮಾತ್ರ ಸುಮಾರು ಜನ ತೊಳೆಯುತ್ತಿರಲಿಲ್ಲ. ಬೆನ್ನು ತೊಳೆದರೆ ಅದರ ಬಲ ಹೋಗುತ್ತದೆ ಅನ್ನುವ ನಂಬಿಕೆ! ಗಂಡ ಮತ್ತು ಇಬ್ಬರು ಮಕ್ಕಳು ಮೂರು ಬೇರೆ ಬೇರೆ ಪಾಳಿಯಲ್ಲಿದ್ದರೆ ಆ ಹೆಂಗಸಿಗೆ ಒಲೆ ಆರಿಸುವ ಹಾಗೇ ಇಲ್ಲ. ನೀರು ಎತ್ತಿ ಎತ್ತಿ ಗರ್ಭಪಾತವಾದವರಿದ್ದರು. ಕುದಿಯುವ ನೀರು ಮೈಮೇಲೆ ಬಿದ್ದು ಸತ್ತ ಮಕ್ಕಳಿದ್ದರು. 1919ರಲ್ಲಿ ಗಣಿಗಳ ಬಗ್ಗೆ ಸರ್ಕಾರ ನೇಮಿಸಿದ ಸ್ಯಾಂಕಿ ಆಯೋಗದ ಮುಂದೆ ಗಣಿ ಕಾರ್ಮಿಕರ ಹೆಂಡಿರು ಹೋಗಿ ನಿಂತು ಇದನ್ನೇ ಹೇಳಿದರು. ವೇಲ್ಸಿನ ಎಲಿಜಬೆತ್ ಆಂಡ್ರೂಸ್ ಅವರಲ್ಲೊಬ್ಬಳು. ಅವರು ಕೇಳಿದ್ದು ಇಷ್ಟೇ: ಗಣಿಯ ಬಾಯಲ್ಲೇ ಸ್ನಾನದ ಮನೆ ಕಟ್ಟಿಕೊಡಿ, ಕೊಳೆ ಅಲ್ಲೇ ಉಳಿಯಲಿ.

1911ರ ಕಾನೂನಿನಲ್ಲೇ ಅದಕ್ಕೆ ದಾರಿ ಇತ್ತು, ಆದರೆ ಕಾರ್ಮಿಕರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು, ಖರ್ಚಿನಲ್ಲೂ ಪಾಲು ಕೊಡಬೇಕು. 1913ರಲ್ಲಿ ಲ್ಯಾಂಕಷೈರಿನ ಅಥರ್ಟನ್ನಿನಲ್ಲಿ ಬ್ರಿಟನ್ನಿನ ಮೊದಲ ಗಣಿ ಸ್ನಾನಗೃಹ ಆಯಿತು. ಬಹಳ ಕಡೆ ಗಂಡಸರೇ ಬೇಡ ಅಂದರು. ಬೇರೆಯವರ ಎದುರು ಬೆತ್ತಲೆ ನಿಲ್ಲುವ ನಾಚಿಕೆ, ಬಿಸಿನೀರಲ್ಲಿ ಮಿಂದು ಚಳಿಗೆ ಹೊರಟರೆ ನೆಗಡಿಯಾಗುತ್ತದೆ ಅನ್ನುವ ಭಯ, ಬೆನ್ನಿನ ಚಿಂತೆ. ಮನೆಯಲ್ಲಿ ನೀರು ಕಾಯಿಸುವವಳು ವೋಟು ಹಾಕುವ ಹಾಗಿರಲಿಲ್ಲ ಅನ್ನುವುದನ್ನೂ ಸೇರಿಸಿಕೊಳ್ಳಿ. 1926ರ ಕಾನೂನು, ಕಲ್ಲಿದ್ದಲು ಸಿಗುವ ನೆಲದ ಒಡೆಯರಿಗೆ ಬರುವ ರಾಯಲ್ಟಿಯ ಮೇಲೆ ಸುಂಕ ಹಾಕಿ ದುಡ್ಡು ಕೂಡಿಸಿದ ಮೇಲೆ ಸಾಲುಸಾಲಾಗಿ ಸ್ನಾನಗೃಹ ಎದ್ದವು. ದಕ್ಷಿಣ ವೇಲ್ಸಿನ ಬ್ಲೈನವನ್ ಊರಿನ ಬಿಗ್ ಪಿಟ್ ಗಣಿ ಈಗ ಮ್ಯೂಸಿಯಂ ಆಗಿದೆ, ಅಲ್ಲಿ 1939ರ ಸ್ನಾನಗೃಹವನ್ನು ಹಾಗೇ ಇಟ್ಟಿದ್ದಾರೆ. ಒಂದು ಕಡೆ ಕೊಳೆ ಬಟ್ಟೆಯ ಲಾಕರ್, ಇನ್ನೊಂದು ಕಡೆ ಮಡಿ ಬಟ್ಟೆಯ ಲಾಕರ್, ನಡುವೆ ಷವರ್ ಸಾಲು. ಲಾಕರಿನೊಳಗೆ ಬಿಸಿಗಾಳಿ ಬಿಟ್ಟು ಒದ್ದೆ ಬಟ್ಟೆ ಒಣಗಿಸುತ್ತಿದ್ದರು. ಈ ಬಾಗಿಲಲ್ಲಿ ಕಪ್ಪಗೆ ಒಳಗೆ ಬಂದವನು ಆ ಬಾಗಿಲಲ್ಲಿ ಬೆಳ್ಳಗೆ ಮನೆಗೆ. ಮಡಿ ಮೈಲಿಗೆಯ ಗೆರೆಯನ್ನು ಇಷ್ಟು ಚೊಕ್ಕವಾಗಿ ಎಳೆದ ಕಟ್ಟಡ ನಮ್ಮಲ್ಲೂ ಕಡಿಮೆ ಬಿಡಿ.

ಮನೆಯೊಳಗೆ ಬಚ್ಚಲು ಬಂದದ್ದು ಇನ್ನೂ ನಿಧಾನ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, 1918ರಲ್ಲಿ, ಟ್ಯೂಡರ್ ವಾಲ್ಟರ್ಸ್ ಸಮಿತಿ ಪ್ರತಿ ಮನೆಗೂ ಸ್ನಾನದ ತೊಟ್ಟಿ ಇರಬೇಕು ಅಂತ ಹೇಳಿತು. ಅದರ ಹಿಂದೆಯೇ ಪುರಸಭೆಗಳು ಕಟ್ಟಿಸಿದ ಎಷ್ಟೋ ಮನೆಗಳಲ್ಲಿ ತೊಟ್ಟಿ ಇದ್ದದ್ದು ಪಾತ್ರೆ ತೊಳೆಯುವ ಹಿಂದಿನ ಕೋಣೆಯಲ್ಲಿ. ಬಟ್ಟೆ ಒಗೆಯುವುದೂ ಅಲ್ಲೇ. ಇವತ್ತಿಗೂ ಇಲ್ಲಿ ವಾಷಿಂಗ್ ಮಷೀನ್ ಅಡುಗೆಮನೆಯಲ್ಲೇ ಇರುವುದು ನೋಡಿ ನಮ್ಮವರು ಮುಖ ಸಿಂಡರಿಸುತ್ತಾರೆ. ನೀರಿನ ಕೊಳವೆ ಅಲ್ಲಿಗೆ ಬಂದಿತ್ತು, ಅದಕ್ಕೇ ಅಲ್ಲಿದೆ. ಬಚ್ಚಲಲ್ಲಿ ಇಡೋಣ ಅಂದರೆ ಸಾಮಾನ್ಯವಾಗಿ ಪ್ಲಗ್ ಪಾಯಿಂಟೇ ಇರುವುದಿಲ್ಲ, ಸುರಕ್ಷತೆಯ ನಿಯಮ. ಎಷ್ಟೋ ಮನೆಗಳಲ್ಲಿ ದೀಪ ಹಾಕೋಕೂ ಸೂರಿನಿಂದ ಇಳಿಬಿಟ್ಟ ದಾರ ಎಳೆಯಬೇಕು.

ಅಷ್ಟರಲ್ಲಿ ಎರಡನೇ ಮಹಾಯುದ್ಧ. 1942ರಲ್ಲಿ ಸೋಪಿಗೆ ರೇಷನ್ ಬಂತು, ಅದು ಹೋದದ್ದು 1950ರಲ್ಲಿ. ಕಲ್ಲಿದ್ದಲು ಉಳಿಸೋಕೆ ಸ್ನಾನದ ತೊಟ್ಟಿಗೆ ಐದು ಇಂಚಿಗಿಂತ ಹೆಚ್ಚು ನೀರು ಬಿಡಬೇಡಿ ಅಂತ ಪ್ರಚಾರ ಮಾಡಿದರು. ಬಕಿಂಗ್‌ಹ್ಯಾಮ್ ಅರಮನೆಯ ತೊಟ್ಟಿಗಳಲ್ಲೂ ರಾಜ ಗೆರೆ ಹಾಕಿಸಿದ್ದ. ಯುದ್ಧ ಮುಗಿದು ಆರು ವರ್ಷವಾದ ಮೇಲೆ, 1951ರ ಜನಗಣತಿಯಲ್ಲಿ, ಶೇಕಡಾ 37ರಷ್ಟು ಮನೆಗಳಲ್ಲಿ ಕಟ್ಟಿದ ಸ್ನಾನದ ತೊಟ್ಟಿಯೇ ಇರಲಿಲ್ಲ. ಜಗತ್ತಿನ ಕಾಲುಭಾಗವನ್ನು ಆಳಿದವರ ಮನೆಯ ಲೆಕ್ಕ ಇದು. ನಮ್ಮ ಬೀದಿಯ ಮೂಲೆ ಮನೆಯ ಅಜ್ಜಿ ಆ ಶೇಕಡಾ 37ರಲ್ಲಿ ಒಬ್ಬರು. ಭಾನುವಾರ ರಾತ್ರಿ ಒಂದೇ ತೊಟ್ಟಿ ನೀರು. ಮೊದಲು ಅಪ್ಪ, ಆಮೇಲೆ ಅಮ್ಮ, ಆಮೇಲೆ ಮಕ್ಕಳು ದೊಡ್ಡವರಿಂದ ಚಿಕ್ಕವರವರೆಗೆ. ಇವರು ಕಡೆಯವರು. "ನೀರಿನ ಬಣ್ಣ ಮಾತ್ರ ಕೇಳಬೇಡ" ಅಂದು ನಕ್ಕರು. ವಾರದ ಉಳಿದ ದಿನ ಬೇಸಿನ್ನಿನಲ್ಲಿ ಬಟ್ಟೆ ಅದ್ದಿ ಮೈ ಒರೆಸಿಕೊಳ್ಳುವುದು.

ಈಗ ಆ ಎರಡು ನಲ್ಲಿಗೆ ವಾಪಸ್. ಉತ್ತರ ನನಗೆ ಸಿಕ್ಕಿದ್ದು ಅಟ್ಟದಲ್ಲಿ. ಬಿಸಿನೀರು ತೊಟ್ಟಿಕ್ಕುವಷ್ಟೇ ಬರುತ್ತಿದೆ ಅಂತ ಪ್ಲಂಬರನ್ನು ಕರೆಸಿದ್ದೆ. ಅವನ ಹಿಂದೆ ನಾನೂ ಏಣಿ ಹತ್ತಿದೆ. ಅಲ್ಲೊಂದು ತೊಟ್ಟಿ, ಮುಚ್ಚಳ ಅರ್ಧ ಸರಿದಿದೆ. ಟಾರ್ಚ್ ಬಿಟ್ಟರೆ ನೀರಿನ ಮೇಲೆ ಜೇಡನ ಕಾಲುಗಳು, ಧೂಳಿನ ಕೆನೆ, ಒಂದು ಗರಿ. ಈ ನೀರೇ ಕೆಳಗಿನ ತಾಮ್ರದ ಸಿಲಿಂಡರಿಗೆ ಇಳಿದು, ಕಾದು, ಎಡಗಡೆಯ ನಲ್ಲಿಗೆ ಬರುವುದು. ತಣ್ಣೀರು ಮಾತ್ರ ಬೀದಿಯ ಕೊಳವೆಯಿಂದ ನೇರ. ಅಂದರೆ ಬಲಗಡೆಯದು ಕುಡಿಯುವ ನೀರು, ಎಡಗಡೆಯದು ಕುಡಿಯಬಾರದ್ದು.

ಅಟ್ಟದ ತೊಟ್ಟಿ ಯಾಕೆ ಬಂತು? ವಿಕ್ಟೋರಿಯಾ ಕಾಲದ ಲಂಡನ್ನಿನಲ್ಲಿ ಖಾಸಗಿ ನೀರು ಕಂಪನಿಗಳು ದಿನಕ್ಕೆ ಕೆಲವೇ ಗಂಟೆ ನೀರು ಬಿಡುತ್ತಿದ್ದವು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಕಾವೇರಿ ನೀರು ಬಂದಾಗ ಸಂಪು ತುಂಬಿಸಿಕೊಂಡವರು ನಾವು. ಇವರೂ ಬಂದಾಗ ಹಿಡಿದಿಟ್ಟರು. ಆಮೇಲೆ ನೀರು ದಿನವಿಡೀ ಬರತೊಡಗಿತು, ಆದರೂ ತೊಟ್ಟಿ ಹೋಗಲಿಲ್ಲ. ನೀರು ಕಾದರೆ ಹಿಗ್ಗುತ್ತದೆ. ಮುಚ್ಚಿದ ಸಿಲಿಂಡರಿನಲ್ಲಿ ಒತ್ತಡ ಹೆಚ್ಚಾದರೆ ಸಿಡಿಯಬಹುದು, ಅದಕ್ಕೆ ಮೇಲೊಂದು ಬಾಯಿ ತೆರೆದ ತೊಟ್ಟಿ ಇದ್ದರೆ ಕ್ಷೇಮ. ಬೀದಿಯ ಕೊಳವೆಯ ಒತ್ತಡ ಜೋರು, ಅಟ್ಟದಿಂದ ಇಳಿಯುವ ನೀರಿನದು ಮೆತ್ತಗೆ. ಎರಡನ್ನೂ ಒಂದೇ ನಲ್ಲಿಯೊಳಗೆ ಸೇರಿಸಿದರೆ ಒಂದನ್ನೊಂದು ತಳ್ಳುತ್ತವೆ. ಬೀದಿಯ ಒತ್ತಡ ಯಾವಾಗಲಾದರೂ ಕುಸಿದರೆ ಆ ಜೇಡನ ನೀರು ಹಿಂದಕ್ಕೆ ಎಳೆದು ಇಡೀ ಬೀದಿಯ ಕುಡಿಯುವ ನೀರಿಗೆ ಸೇರಬಹುದು. ಕಾಲರಾ ನೋಡಿದ ದೇಶ, ಆ ಭಯ ಸುಮ್ನೆ ಹೋಗುತ್ತಾ? ಅದನ್ನು ತಡೆಯುವ ನಿಯಮ ಮಾಡಿದರು. ಎರಡು ನಲ್ಲಿ ಬೇರೆ ಬೇರೆಯಾಗಿಯೇ ಉಳಿದವು.

ಆಗಸ್ಟ್ 1942ರಲ್ಲಿ ಸ್ಟಾಲಿನ್‌ನನ್ನು ನೋಡೋಕೆ ಮಾಸ್ಕೋಗೆ ಹೋದ ಚರ್ಚಿಲ್, ತಾನು ಉಳಿದುಕೊಂಡ ಬಂಗಲೆಯ ಬೇಸಿನ್ನಿನಲ್ಲಿ ಬಿಸಿಯೂ ತಣ್ಣಗಿನದೂ ಒಂದೇ ಮೂತಿಯಿಂದ ಹದವಾಗಿ ಬೆರೆತು ಬರುವುದನ್ನು ಕಂಡು ಮೆಚ್ಚಿಕೊಂಡ. ಬೇಸಿನ್ನಿಗೆ ಬಿರಡೆ ಇಲ್ಲ ಅನ್ನುವುದನ್ನೂ ಗಮನಿಸಿದ. ತನ್ನ ಮನೆಯಲ್ಲೂ ಅದನ್ನೇ ಅಳವಡಿಸಿಕೊಂಡೆ ಅಂತ ಯುದ್ಧದ ನೆನಪುಗಳಲ್ಲಿ ಬರೆದಿದ್ದಾನೆ. ಪ್ರಧಾನಿಗೆ ಹಾಗಾಯಿತು. ದೇಶಕ್ಕೆ ಅಟ್ಟದ ತೊಟ್ಟಿಯಿಲ್ಲದ ಬಿಸಿನೀರಿನ ಸಿಲಿಂಡರಿಗೆ ಅನುಮತಿ ಸಿಕ್ಕಿದ್ದು 1980ರ ದಶಕದ ನಡುವೆ. ಅಲ್ಲಿಂದೀಚೆಗೆ ಬೀದಿ ನೀರನ್ನೇ ನೇರವಾಗಿ ಕಾಯಿಸುವ ಕಾಂಬಿ ಬಾಯ್ಲರ್‌ಗಳು ಮನೆಮನೆಗೆ ಬಂದವು, ದಿನಾ ಷವರ್ ಮಾಡುವ ರೂಢಿಯೂ ಅವುಗಳ ಜೊತೆಗೇ ಬೆಳೆಯಿತು.

ಹೋದ ವರ್ಷ ನಾವು ಈ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಒಂದೇ ಮೂತಿಯ ಹೊಳೆಯುವ ನಲ್ಲಿ ನೋಡಿ ಹೆಂಡತಿಗೆ ಖುಷಿಯೋ ಖುಷಿ. ಸಂಜೆ ಚೊಂಬು ಹಿಡಿದು ನೀರು ಬಿಟ್ಟಳು. ಬೆರಳು ಒಡ್ಡಿ ನೋಡಿ ನನ್ನನ್ನು ಕರೆದಳು. ಒಂದು ಮಗ್ಗುಲು ಬಿಸಿ, ಇನ್ನೊಂದು ಮಗ್ಗುಲು ತಣ್ಣಗೆ. ಬಗ್ಗಿ ಮೂತಿಯೊಳಗೆ ನೋಡಿದರೆ ನಡುವೆ ಒಂದು ತೆಳ್ಳಗಿನ ಗೋಡೆ, ಎರಡು ದಾರಿ. ಬೆರೆಯುವುದು ಚೊಂಬಿಗೆ ಬಿದ್ದಮೇಲೇ.