ಫೈಬರ್ ಸತ್ತಾಗ ಮಾತ್ರ ಕಾಣುವ ಕ್ಯಾಮೆರಾ

ನೆಟ್ ಕೈಕೊಟ್ಟರೆ ಮುಂಬೈಯ ನಮ್ಮ ಹೋಟೆಲಿನವರ ಹತ್ತಿರ ಒಂದೇ ಮದ್ದು: ರೌಟರ್ ಆಫ್ ಮಾಡಿ, ಆನ್ ಮಾಡಿ. ನಾನಂತೂ ಇದನ್ನು ಮೂಢನಂಬಿಕೆ ಅಂತಲೇ ಕರೆಯುತ್ತೇನೆ.

ಅಂಧೇರಿಯ ಒಂದು ಹೋಟೆಲಿನಲ್ಲಿ ಲಿನಕ್ಸ್ ಹಾಕಿದ ಹಳೇ ಪಿಸಿಯೇ ರೌಟರ್. ಲೈನು ಎರಡು. ಒಂದು ಫೈಬರ್, ಇನ್ನೊಂದು ಕೇಬಲ್‌ವಾಲಾನದು. ಡೀಫಾಲ್ಟ್ ರೂಟ್, ಅಂದರೆ ಹೊರಗೆ ಹೋಗುವ ಮಾಮೂಲಿ ದಾರಿ, ಫೈಬರ್ ಮೇಲಿದೆ. ಕೇಬಲ್ ಲೈನಿಗೆ ಸ್ಥಿರ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಇರುವುದರಿಂದ ಯಜಮಾನರು ಮನೆಯಿಂದ ಗಲ್ಲಾದ ಕ್ಯಾಮೆರಾ ನೋಡುವುದು ಅದರ ಮೂಲಕ. ಆದರೆ ಫೈಬರ್ ಸತ್ತಾಗ ಮಾತ್ರ ಕ್ಯಾಮೆರಾ ಕಾಣುತ್ತದೆ! "ರೀಸ್ಟಾರ್ಟ್ ಮಾಡಿದ್ರೆ ಸ್ವಲ್ಪ ಹೊತ್ತು ಬರ್ತದೆ ಮಾರಾಯ್ರೇ, ಮತ್ತೆ ಹೋಗ್ತದೆ" ಅನ್ನುತ್ತಾರೆ.

ಸಾಗುವ ಮಾಹಿತಿಯ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ತೋರಿಸುವ ಟಿಸಿಪಿಡಂಪ್ ಹಾಕಿದರೆ ಪ್ಯಾಕೆಟ್ ಕೇಬಲ್ ಕಡೆಯಿಂದ ಒಳಗೆ ಬರುವುದು ಕಾಣುತ್ತದೆ. ಕ್ಯಾಮೆರಾದ ಕಡೆಗೆ ಹೊರಡುವುದು ಮಾತ್ರ ಕಾಣುವುದಿಲ್ಲ. ಫೈರ್‌ವಾಲ್‌ನಲ್ಲಿ ತಡೆಯಿಲ್ಲ, ಪ್ಯಾಕೆಟ್ ಮುಂದೆ ದಾಟಿಸುವ ಫಾರ್ವರ್ಡಿಂಗ್ ಆನ್ ಇದೆ. ಹಾಗಾದರೆ ನುಂಗಿದ್ದು ಯಾರು?

ಆರ್‌ಪಿ ಫಿಲ್ಟರ್, ಅಂದರೆ ರಿವರ್ಸ್ ಪಾತ್ (ವಾಪಸ್ ದಾರಿ) ತಪಾಸಣೆ. ಪ್ಯಾಕೆಟ್ ಬಂದ ಕೂಡಲೇ ಲಿನಕ್ಸಿನ ತಿರುಳಾದ ಕರ್ನಲ್ ಅದರ ಮೂಲ ವಿಳಾಸ (ಕಳಿಸಿದವನ ವಿಳಾಸ) ನೋಡಿ, "ಇವನಿಗೆ ಉತ್ತರ ಕೊಡಬೇಕಾದರೆ ನಾನು ಯಾವ ದಾರಿ ಹಿಡಿಯುತ್ತೇನೆ?" ಎಂದು ತನ್ನ ರೂಟಿಂಗ್ ಟೇಬಲ್ಲನ್ನೇ (ದಾರಿಗಳ ಪಟ್ಟಿಯನ್ನೇ) ಕೇಳುತ್ತದೆ. ಉತ್ತರ ಫೈಬರ್. ಪ್ಯಾಕೆಟ್ ಬಂದದ್ದು ಕೇಬಲ್‌ನಿಂದ. ಸೊಸೈಟಿಯ ವಾಚ್‌ಮನ್ ಹಾಗೆ: ಹಾಲಿನವನು ಪೂರ್ವದ ಗೇಟಿನಿಂದ ಬರಬೇಕು ಅಂತ ಅವನ ಲೆಕ್ಕ. ಪಶ್ಚಿಮದ ಗೇಟಿಗೆ ಬಂದರೆ ಒಳಗೆ ಬಿಡುವುದಿಲ್ಲ, ಯಜಮಾನನಿಗೂ ಹೇಳುವುದಿಲ್ಲ. ಫೈಬರ್ ಸತ್ತರೆ ಡೀಫಾಲ್ಟ್ ರೂಟ್ ಕೇಬಲ್‌ಗೆ ಬರುತ್ತದೆ, ಆಗ ಲೆಕ್ಕ ಸರಿಹೋಗುತ್ತದೆ. ರೀಸ್ಟಾರ್ಟ್ ಆದಾಗಲೂ ಅಷ್ಟೇ, ಫೈಬರ್ ಲೈನು ಎದ್ದು ನಿಲ್ಲುವಷ್ಟು ಹೊತ್ತು ಮಾತ್ರ ಕ್ಯಾಮೆರಾ. ಮೂಢನಂಬಿಕೆ ಹುಟ್ಟುವುದೇ ಹೀಗೆ, ಅಲ್ವಾ?

ಈ ಕಾವಲು ಸುಮ್ನೆ ಬಂದದ್ದಲ್ಲ. 1996ರಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಇಂಟರ್ನೆಟ್ ಸಂಸ್ಥೆಯನ್ನು ಸುಳ್ಳು ಮೂಲ ವಿಳಾಸದ ಪ್ಯಾಕೆಟ್‌ಗಳ ಮಳೆ ಮುಳುಗಿಸಿತ್ತು. ಇಂಥ ಪ್ಯಾಕೆಟ್‌ಗಳನ್ನು ಬಾಗಿಲಲ್ಲೇ ತಡೆಯಿರಿ ಎಂದು 2000ದ ಆರ್‌ಎಫ್‌ಸಿ 2827 (ಇಂಟರ್ನೆಟ್ ತಂತ್ರಜ್ಞರ ದಾಖಲೆ ಸರಣಿಯಲ್ಲಿ ಒಂದು) ಹೇಳಿತು. ಎರಡು ಲೈನಿದ್ದವರಿಗೆ ಕಟ್ಟುನಿಟ್ಟಿನ ತಪಾಸಣೆ ತೊಂದರೆ ಕೊಡಬಹುದು ಎಂದು 2004ರ ಆರ್‌ಎಫ್‌ಸಿ 3704 ವಿವರಿಸಿತು.

ಪತ್ತೆ ಸುಲಭ. 'ಐಪಿ ರೂಟ್ ಗೆಟ್' ಆಜ್ಞೆಗೆ ಮೂಲ ವಿಳಾಸವನ್ನೂ ಪ್ಯಾಕೆಟ್ ಬಂದ ಇಂಟರ್‌ಫೇಸನ್ನೂ (ಲೈನು ಸೇರುವ ಬಾಗಿಲನ್ನೂ) ಕೊಟ್ಟು ಕೇಳಿ. ಫಿಲ್ಟರ್ ತಡೆದರೆ 'ಇನ್‌ವ್ಯಾಲಿಡ್ ಕ್ರಾಸ್-ಡಿವೈಸ್ ಲಿಂಕ್' ಅನ್ನುತ್ತದೆ. 'ಲಾಗ್ ಮಾರ್ಷಿಯನ್ಸ್' ಸೆಟ್ಟಿಂಗ್ ಆನ್ ಮಾಡಿದರೆ ಕರ್ನಲ್ ಲಾಗ್‌ನಲ್ಲಿ 'ಮಾರ್ಷಿಯನ್ ಸೋರ್ಸ್' ಎಂದು ಬರುತ್ತದೆ, ಅಂದರೆ ಮಂಗಳ ಗ್ರಹದಿಂದ ಬಂದ ಪ್ಯಾಕೆಟ್!

ಫಿಲ್ಟರಿಗೆ 0 ಎಂದರೆ ತಪಾಸಣೆ ಇಲ್ಲ, 1 ಕಟ್ಟುನಿಟ್ಟು, 2 ಸಡಿಲ (ಯಾವುದಾದರೊಂದು ಲೈನಿನಲ್ಲಿ ವಾಪಸ್ ದಾರಿ ಇದ್ದರೆ ಸಾಕು). ಒಂದು ಇಂಟರ್‌ಫೇಸಿಗೆ ಮಾತ್ರ 0 ಕೊಟ್ಟರೆ ಸಾಲದು. ಎಲ್ಲ ಇಂಟರ್‌ಫೇಸಿಗೂ ಅನ್ವಯಿಸುವ 'ಆಲ್'ನಲ್ಲಿ 1 ಇದ್ದರೆ ಎರಡರಲ್ಲಿ ದೊಡ್ಡದೇ ಗೆಲ್ಲುತ್ತದೆ. ಕೇಬಲ್ ಇಂಟರ್‌ಫೇಸಿಗೆ 2 ಕೊಡಿ. ಆಗಲೂ ಉತ್ತರ ಫೈಬರ್ ದಾರಿಯಲ್ಲೇ ಹೊರಡುತ್ತದೆ, ಆ ಕಂಪನಿ ತನ್ನದಲ್ಲದ ವಿಳಾಸ ಅಂತ ಎಸೆಯಬಹುದು. ಅದಕ್ಕೇ ಕೇಬಲ್‌ನಿಂದ ಬಂದ ಸಂಪರ್ಕಕ್ಕೆ ಕನೆಕ್ಷನ್ ಮಾರ್ಕ್ ಹಾಕಿ, ಆ ಮಾರ್ಕ್ ಇರುವ ಉತ್ತರಗಳಿಗೆ 'ಐಪಿ ರೂಲ್' ಆಜ್ಞೆಯ ಮೂಲಕ ಕೇಬಲ್ ದಾರಿಯಿರುವ ಬೇರೆಯೇ ರೂಟಿಂಗ್ ಟೇಬಲ್ ತೋರಿಸಬೇಕು. ಇಷ್ಟನ್ನೂ ಕಾನ್ಫಿಗರೇಷನ್ ಫೈಲಿನಲ್ಲಿ ಬರೆದಿಡಿ. ಇಲ್ಲದಿದ್ದರೆ ಮುಂದಿನ ರೀಸ್ಟಾರ್ಟ್ ಎಲ್ಲವನ್ನೂ ಅಳಿಸಿಹಾಕುತ್ತದೆ.